ಕೊಯ್ಲಿನ ಕಾಲಕ್ಕೆ ಕೋಳಿ ಮೊಟ್ಟೆ ನಿಲ್ಲಿಸುವುದೇಕೆ?

ಕಳೆದ ಡಿಸೆಂಬರಿನಲ್ಲಿ ಸಂಘದ ಡಿಪೋಗೆ ಗೊಬ್ಬರಕ್ಕೆಂದು ಬಂದ ಸದಸ್ಯರೊಬ್ಬರ ಜೀಪಿನಲ್ಲಿ ಎರಡು ಟ್ರೇ ಫಾರಂ ಮೊಟ್ಟೆ ಕಂಡೆ. ಅವರ ಹಿತ್ತಿಲಲ್ಲಿ ಹದಿನೈದಕ್ಕೆ ಕಡಿಮೆಯಿಲ್ಲದಷ್ಟು ಹೇಂಟೆಗಳಿರುವುದು ನನಗೆ ಗೊತ್ತು. ಕೇಳಿದ್ದಕ್ಕೆ, "ಚಳಿಗೆ ಯಾವ ಕೋಳಿ ಮೊಟ್ಟೆ ಇಡುತ್ತೆ ಹೇಳಿ? ಕೊಯ್ಲಿಗೆ ಆಳುಗಳು ಬಂದಿದ್ದಾರೆ, ಸಾರಿಗೆ ಏನಾದರೂ ಬೇಕಲ್ಲ" ಎಂದರು. ನಾನೂ ಹೌದೆಂದು ತಲೆಯಾಡಿಸಿದೆ. ಇಪ್ಪತ್ತು ವರ್ಷದಿಂದ ನಮ್ಮ ಮನೆಯಲ್ಲೂ ಇದೇ ಮಾತು ನಡೆದು ಬಂದಿತ್ತು. ಆದರೆ ಆ ದಿನ ಮನೆಗೆ ಹಿಂತಿರುಗುವಾಗ ಒಂದು ಸಂಗತಿ ನೆನಪಾಗಿ, ಆ ತಲೆಯಾಡಿಸಿದ್ದು ತಪ್ಪೆನಿಸಿತು.

ಅದನ್ನು ಹೇಳುವ ಮೊದಲು ಒಂದು ಮಾತು. ಮನೆಯಲ್ಲಿ ಕೋಳಿ ಸಾಕದ ಸದಸ್ಯರು ನಮ್ಮಲ್ಲಿ ಸಾಕಷ್ಟು ಮಂದಿ ಇದ್ದಾರೆ. ಅವರು ಈ ಪುಟವನ್ನು ಮಗುಚಿ ಮುಂದಿನ ಅಡಿಕೆ ಧಾರಣೆಗೆ ಹೋಗಬಹುದು. ಹೋಗುವ ಮುನ್ನ ತಮ್ಮ ತೋಟದ ಲೈನ್ ಮನೆಯವರಿಗೆ ಈ ಸಂಚಿಕೆಯನ್ನು ಒಮ್ಮೆ ಕೊಟ್ಟರೆ ಉಪಕಾರವಾಗುತ್ತದೆ. ಅಲ್ಲಿ ಮೊಟ್ಟೆಯ ದುಡ್ಡಿಗೆ ನಮ್ಮ ಮನೆಗಳಿಗಿಂತ ಹೆಚ್ಚಿನ ಬೆಲೆಯಿದೆ.

ನೆನಪಾದ ಸಂಗತಿ ನನ್ನ ಅವ್ವನ ಕೋಳಿಗಳದು. ನಾನು ಹುಡುಗನಾಗಿದ್ದಾಗ ಕೊಪ್ಪದ ಸುತ್ತಿನ ನಮ್ಮ ಹಳ್ಳಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಅಡಿಕೆ ಕೊಯ್ಲು ಶುರುವಾದರೆ ಸುಲಿಯುವವರು ಸಂಜೆ ಉಂಡು ಬಂದು ಚಪ್ಪರದಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಿದ್ದರು. ನಡುವೆ ಒಂದು ಗ್ಯಾಸ್‌ಲೈಟು ನೇತು ಹಾಕಿರುತ್ತಿತ್ತು. ರಾತ್ರಿ ಹತ್ತರವರೆಗೆ ಕಥೆ, ಹಾಡು, ಜಗಳ ಎಲ್ಲವೂ ಆ ಬೆಳಕಿನಲ್ಲೇ. ಕೆಲವರು ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಮತ್ತೆ ದೀಪ ಹಚ್ಚುವುದೂ ಉಂಟು. ಅವ್ವನ ಕೋಳಿಗಳು ಆ ಚಪ್ಪರದ ಜಂತಿಯ ಮೇಲೆಯೇ ಕೂರುತ್ತಿದ್ದವು. ಕೆಳಗೆ ಇಷ್ಟೊಂದು ಜನವಿದ್ದರೆ ಕಬ್ಬೆಕ್ಕು ಹತ್ತಿರ ಸುಳಿಯುವುದಿಲ್ಲ ಎಂಬುದು ಅವ್ವನ ಲೆಕ್ಕ. ಆ ಕೋಳಿಗಳು ಪುಷ್ಯಮಾಸದ ಚಳಿಯಲ್ಲೂ ಮೊಟ್ಟೆ ಇಡುತ್ತಿದ್ದವು. ಸಂಕ್ರಾಂತಿಗೆ ತವರಿಗೆ ಹೋಗುವಾಗ ಅವ್ವ ಭತ್ತದ ಹೊಟ್ಟು ತುಂಬಿದ ಬುಟ್ಟಿಯಲ್ಲಿ ಮೊಟ್ಟೆ ಹುದುಗಿಸಿಕೊಂಡು ಹೋಗುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ.

ಈಗ ಅಡಿಕೆಯನ್ನು ಯಂತ್ರ ಸುಲಿಯುತ್ತದೆ. ಹಗಲಿಗೇ ಕೆಲಸ ಮುಗಿಯುತ್ತದೆ. ಕೋಳಿಗೆ ಸಿಮೆಂಟಿನ ಪ್ರತ್ಯೇಕ ಗೂಡಿದೆ. ಜಾತಿಯೂ ಅವ್ವನ ಕಾಲದ್ದಕ್ಕಿಂತ ಮೇಲಾದದ್ದು. ಮೊಟ್ಟೆ ಮಾತ್ರ ಕಾರ್ತಿಕ ಕಳೆಯುತ್ತಲೇ ನಿಲ್ಲುತ್ತದೆ. ಬದಲಾದದ್ದು ಚಳಿಯಲ್ಲ, ಚಳಿ ಆಗಲೂ ಇತ್ತು, ಈಗಿಗಿಂತ ಜಾಸ್ತಿಯೇ ಇತ್ತೆಂದು ಹಿರಿಯರು ಹೇಳುತ್ತಾರೆ. ಹೋದದ್ದು ಗ್ಯಾಸ್‌ಲೈಟು.

ಬೆಳಕಿನ ಲೆಕ್ಕ

ಕೋಳಿ ಮೊಟ್ಟೆ ಇಡಬೇಕೋ ಬೇಡವೋ ಎಂಬುದನ್ನು ಬಹುಮಟ್ಟಿಗೆ ಹಗಲಿನ ಉದ್ದ ತೀರ್ಮಾನಿಸುತ್ತದೆ. ಬೆಳಕು ಅದರ ಕಣ್ಣಿನಿಂದ ಮಾತ್ರವಲ್ಲದೆ ತಲೆಬುರುಡೆಯ ತೆಳುವಾದ ಮೂಳೆಯ ಮೂಲಕವೂ ನೇರವಾಗಿ ಮಿದುಳಿಗೆ ಇಳಿಯುತ್ತದೆ. 1930ರ ದಶಕದಲ್ಲಿ ಫ್ರಾನ್ಸಿನ ಜಾಕ್ ಬೆನ್ವಾ ಎಂಬ ವಿಜ್ಞಾನಿ ಬಾತುಕೋಳಿಗಳ ಮೇಲೆ ಪ್ರಯೋಗ ಮಾಡಿ, ಕಣ್ಣಿಗೆ ಬೆಳಕು ತಾಗದಿದ್ದರೂ ತಲೆಗೆ ತಾಗಿದರೆ ಸಾಕು, ಹಕ್ಕಿಯ ಜನನಾಂಗ ಬೆಳೆಯುತ್ತದೆ ಎಂದು ತೋರಿಸಿಕೊಟ್ಟರು. ಮಿದುಳಿಗೆ ದಿನವೂ ಸಾಕಷ್ಟು ಹೊತ್ತು ಬೆಳಕು ಸಿಕ್ಕಿದರೆ ಅಲ್ಲಿಂದ ಹೊರಡುವ ರಸ ಅಂಡಾಶಯವನ್ನು ಎಬ್ಬಿಸುತ್ತದೆ. ಬೆಳಕು ದಿನದಿನಕ್ಕೆ ಕಡಿಮೆಯಾಗುತ್ತ ಬಂದರೆ, ಮರಿ ಮಾಡುವ ಕಾಲ ಮುಗಿಯಿತೆಂದು ಕೋಳಿ ತಿಳಿಯುತ್ತದೆ, ಗರಿ ಉದುರಿಸಿ ಸುಮ್ಮನಾಗುತ್ತದೆ.

ಚೆನ್ನಾಗಿ ಮೊಟ್ಟೆ ಇಡಲು ಕೋಳಿಗೆ 14ರಿಂದ 16 ಗಂಟೆ ಬೆಳಕು ಬೇಕು. ನಮ್ಮಲ್ಲಿ ಜೂನ್ ಮೂರನೆಯ ವಾರದ ಅತಿ ದೊಡ್ಡ ಹಗಲೂ 12 ಗಂಟೆ 55 ನಿಮಿಷವನ್ನು ದಾಟುವುದಿಲ್ಲ. ಡಿಸೆಂಬರ್ 21ರ ಸುಮಾರಿಗೆ ಅದು 11 ಗಂಟೆ 20 ನಿಮಿಷಕ್ಕೆ ಇಳಿಯುತ್ತದೆ. ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಇಷ್ಟಕ್ಕೇ ಕೋಳಿ ಪೂರ್ತಿ ನಿಲ್ಲಿಸಿಬಿಡಬೇಕೇ ಎಂದು ನನಗೂ ಅನುಮಾನವಾಯಿತು. ಹಾಗಾಗಿ ನಮ್ಮ ಮನೆಯ ದಿನಚರಿಯನ್ನೇ ಗಮನಿಸತೊಡಗಿದೆ. ಆಗ ಗೊತ್ತಾದದ್ದು, ಚಳಿಗಾಲವನ್ನು ಕೋಳಿಗೆ ಇನ್ನಷ್ಟು ಉದ್ದ ಮಾಡುತ್ತಿದ್ದವನು ನಾನೇ.

ಡಿಸೆಂಬರಿನಲ್ಲಿ ಕಣದ ತುಂಬ ಕಾಫಿ. ಕೋಳಿ ಬಂದು ಕೆದಕಿ ಹಿಕ್ಕೆ ಹಾಕಿದರೆ ಮಾಲು ಹಾಳು. ಆದ್ದರಿಂದ ಬೆಳಿಗ್ಗೆ ಗೂಡಿನ ಬಾಗಿಲನ್ನೇ ತೆಗೆಯದಂತೆ ನಾನೇ ಅಪ್ಪಣೆ ಮಾಡಿದ್ದೆ. ಸಂಜೆ ಕಾಫಿ ರಾಶಿ ಮಾಡಿ ಟಾರ್ಪಾಲು ಹೊದಿಸಿದ ಮೇಲೆ, ಐದು ಗಂಟೆಯ ಸುಮಾರಿಗೆ ಹೊರಬಿಟ್ಟರೆ ಆರಕ್ಕೆ ಕತ್ತಲೆ. ನಮ್ಮ ಗೂಡಿಗೆ ಇದ್ದದ್ದು ಅಂಗೈಯಗಲದ ಒಂದೇ ಕಿಂಡಿ. ಅಂದರೆ ಮಳೆಗಾಲದಲ್ಲಿ ಹನ್ನೆರಡು ಗಂಟೆ ಬೆಳಕು ಕಂಡ ಕೋಳಿಗೆ ಕೊಯ್ಲಿನ ಕಾಲದಲ್ಲಿ ಸರಿಯಾದ ಬೆಳಕು ಒಂದೇ ಗಂಟೆ. ಹುಳ, ಸೊಪ್ಪು ಆಯ್ದು ತಿನ್ನುವುದಕ್ಕೂ ಅಷ್ಟೇ ಹೊತ್ತು. ಮೊಟ್ಟೆ ನಿಂತದ್ದರಲ್ಲಿ ಆಶ್ಚರ್ಯವೇನು? ಇದನ್ನು ಮನೆಯವರಿಗೆ ಹೇಳಿದಾಗ, "ಇಷ್ಟು ವರ್ಷ ಕೋಳಿಯನ್ನು ಬೈದಿರಲ್ಲ, ಪಾಪ" ಎಂದರು.

ಮೊದಲು ಮಾಡಬೇಕಾದ್ದು ಇದನ್ನು ಸರಿಪಡಿಸುವುದು, ಇದಕ್ಕೆ ಕರೆಂಟೂ ಬೇಡ. ನಾವು ಕಾಫಿಯನ್ನು ಮಂಜು ಆರಿದ ಮೇಲೆ, ಎಂಟೂವರೆ ಒಂಬತ್ತಕ್ಕೆ ಹರಡುತ್ತೇವೆ. ಬೆಳಕು ಹರಿಯುತ್ತಲೇ, ಆರೂವರೆಗೆ ಕೋಳಿ ಬಿಟ್ಟರೆ ಎರಡು ಗಂಟೆ ಸಿಗುತ್ತದೆ. ಹಗಲಿಗೆ ಹಳೆಯ ಮೀನುಬಲೆಯನ್ನೋ ನೈಲಾನ್ ಬಲೆಯನ್ನೋ ಆಳೆತ್ತರಕ್ಕೆ ಕಟ್ಟಿ, ತೋಟದ ಕಡೆ ಒಂದು ಮೂಲೆಯನ್ನು ಕೋಳಿಗೆ ಬಿಟ್ಟುಕೊಡಬಹುದು. ನಾನು ಹಾಗೆ ಮಾಡಿದ್ದೇನೆ. ಮೇಲೆ ಹದ್ದಿಗೆ ಅಡ್ಡವಾಗಿ ಅಡಿಕೆ ಸೋಗೆ ಹಾಸಿದ್ದೇನೆ.

ದೀಪ ಹಾಕಿದ ಕಥೆ

ಬಲ್ಬು ಹಾಕುವ ಬುದ್ಧಿ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸವೇ ತಪ್ಪಾಯಿತು. ಅವ್ವನ ಕಾಲದ ಗ್ಯಾಸ್‌ಲೈಟಿನಂತೆ ಸಂಜೆಯ ಹೊತ್ತಿಗೇ ಹಾಕಿ ಒಂಬತ್ತಕ್ಕೆ ಆರಿಸುವುದೆಂದು ಗೊತ್ತು ಮಾಡಿದೆ. ನಾಲ್ಕು ದಿನ ಚೆನ್ನಾಗಿಯೇ ನಡೆಯಿತು. ಐದನೆಯ ದಿನ ಏಳೂವರೆಗೆ ಕರೆಂಟು ಹೋಯಿತು. ದೀಪದಡಿ ಕಾಳು ಆಯುತ್ತಿದ್ದ ಕೋಳಿಗಳು ಕತ್ತಲಲ್ಲಿ ಕೂರುವ ಗಳವನ್ನು ಕಾಣದೆ ನೆಲದ ಮೇಲೆಯೇ ಮುದುಡಿ ಕುಳಿತವು. ಬಾಗಿಲಿನ ಅಗಳಿ ಹಾಕಲು ಒಂಬತ್ತಕ್ಕೆ ಹೋದರಾಯಿತೆಂದು ನಾನು ಅಡಿಕೆ ಲೆಕ್ಕ ಬರೆಯುತ್ತ ಕುಳಿತಿದ್ದೆ. ಕಬ್ಬೆಕ್ಕು ನನಗಿಂತ ಮೊದಲು ಹೋಗಿತ್ತು. ಮೂರು ಹೇಂಟೆಗಳು ಹೋದವು. ಅವ್ವನ ಕೋಳಿಗಳು ದೀಪ ಹಚ್ಚುವ ಮೊದಲೇ ಜಂತಿ ಹತ್ತಿ ಕೂತಿರುತ್ತಿದ್ದವು ಎಂಬ ಸಣ್ಣ ವಿಷಯವನ್ನು ನಾನು ಮರೆತಿದ್ದೆ.

ಅಂದಿನಿಂದ ದೀಪ ಬೆಳಗಿನ ಜಾವಕ್ಕೆ ಬದಲಾಯಿತು. ಕತ್ತಲಾದೊಡನೆ ಕೋಳಿಗಳು ತಾವಾಗಿಯೇ ಗಳ ಹತ್ತುತ್ತವೆ, ಬಾಗಿಲು ಭದ್ರವಾಗುತ್ತದೆ. ನಾಲ್ಕೂವರೆಗೆ ದೀಪ ಹತ್ತಿದರೆ ಆರೂವರೆಗೆ ಸೂರ್ಯನೇ ಕೆಲಸ ವಹಿಸಿಕೊಳ್ಳುತ್ತಾನೆ. ನಡುವೆ ಕರೆಂಟು ಹೋದರೂ ಕೋಳಿ ಇದ್ದಲ್ಲೇ ಇರುತ್ತದೆ. ಬೆಳಗಿನ ಮತ್ತು ಸಂಜೆಯ ಮಬ್ಬು ಬೆಳಕನ್ನೂ ಸೇರಿಸಿದರೆ ಸುಮಾರು 14 ಗಂಟೆ ಆಗುತ್ತದೆ.

ದೀಪ ದೊಡ್ಡದಿರಬೇಕಿಲ್ಲ. ಕೋಳಿ ಕೂರುವ ಎತ್ತರದಲ್ಲಿ ದಿನಪತ್ರಿಕೆಯ ದಪ್ಪಕ್ಷರದ ಶೀರ್ಷಿಕೆ ಓದುವಷ್ಟು ಬೆಳಕಿದ್ದರೆ ಸಾಕು. ಹತ್ತು ಹದಿನೈದು ಕೋಳಿಯ ಗೂಡಿಗೆ ಹಳದಿ ಬೆಳಕಿನ 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬು ಧಾರಾಳ. ದಿನಕ್ಕೆ ಎರಡು ಗಂಟೆಯಂತೆ ಉರಿದರೆ ತಿಂಗಳಿಗೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ಖರ್ಚು. ಹಳದಿ ಮತ್ತು ಕೆಂಪು ಛಾಯೆಯ ಬೆಳಕು ತಲೆಬುರುಡೆಯೊಳಗೆ ಹೆಚ್ಚು ಇಳಿಯುವುದರಿಂದ ಬಿಳಿ ಬಲ್ಬಿಗಿಂತ ಇದು ಮೇಲು. ದಿನವೂ ಎದ್ದು ಸ್ವಿಚ್ಚು ಹಾಕುವುದು ಆಗದ ಮಾತು, ಟೈಮರ್ ಹಾಕಿಸಿಕೊಳ್ಳಿ. ಬ್ಯಾಟರಿ ಇಲ್ಲದ ಟೈಮರ್ ಆದರೆ ಕರೆಂಟು ಹೋದಷ್ಟು ಹೊತ್ತು ಅದರ ಗಡಿಯಾರವೂ ನಿಲ್ಲುತ್ತದೆ. ನಮ್ಮ ಕಡೆಯ ಕರೆಂಟಿಗೆ ವಾರ ಕಳೆಯುವುದರೊಳಗೆ ಅದು ಬೆಳಗಿನ ದೀಪವನ್ನು ಬೆಳಗಾದ ಮೇಲೆ ಹಚ್ಚತೊಡಗುತ್ತದೆ! ಕರೆಂಟೇ ಇಲ್ಲದ ಒಂಟಿ ಮನೆಗಳಲ್ಲಿ ಸೋಲಾರ್ ದೀಪ ನಡೆಯುತ್ತದೆ. ಲಾಟೀನು, ಚಿಮಣಿಗಳನ್ನು ಮಾತ್ರ ಹೊಟ್ಟು ಹಾಸಿದ ಗೂಡಿನೊಳಗೆ ಇಡಲೇಬೇಡಿ.

ಒಮ್ಮೆಲೇ ಎರಡು ಗಂಟೆ ಹೆಚ್ಚಿಸಬಾರದು. ಅಕ್ಟೋಬರಿನಲ್ಲಿ ಶುರು ಮಾಡಿ ವಾರಕ್ಕೆ ಅರ್ಧ ಗಂಟೆಯಂತೆ ಏರಿಸುತ್ತ ಹೋಗಬೇಕು. ಏರಿಸಿದ ಮೇಲೆ ನಡುವೆ ನಿಲ್ಲಿಸಬಾರದು. ದೀಪ ಹಾಕಿ, ಡಿಸೆಂಬರಿನಲ್ಲಿ ಬಲ್ಬು ಸುಟ್ಟಿತೆಂದು ಹದಿನೈದು ದಿನ ಬಿಟ್ಟರೆ ಇಡುತ್ತಿದ್ದ ಕೋಳಿಯೂ ಗರಿ ಉದುರಿಸಿಕೊಂಡು ಕೂರುತ್ತದೆ. ಫೆಬ್ರವರಿ ಕಳೆದ ಮೇಲೆ ಬಂದ ದಾರಿಯಲ್ಲೇ ನಿಧಾನವಾಗಿ ಇಳಿಸಬಹುದು. ಇನ್ನೂ ಬೆಳೆಯುತ್ತಿರುವ ಎಳೆಯ ಹೇಂಟೆಗಳಿಗೆ, ಅಂದರೆ ನಾಲ್ಕೂವರೆ ಐದು ತಿಂಗಳೊಳಗಿನವಕ್ಕೆ ದೀಪ ಬೇಡ. ಮೈ ಬಲಿಯುವ ಮೊದಲೇ ಮೊಟ್ಟೆಗೆ ಬಂದರೆ ಮೊಟ್ಟೆ ಸಣ್ಣದಾಗುತ್ತದೆ, ಮೊಟ್ಟೆ ಕಟ್ಟಿಕೊಂಡು ಸಾಯುವುದೂ ಉಂಟು.

ಹೀಗೆ ದುಡಿಸಿದರೆ ಕೋಳಿ ಬೇಗ ಸವೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಗರಿ ಉದುರಿಸುವುದು ಕೋಳಿಗೆ ವಿಶ್ರಾಂತಿ. ಎರಡು ಮೂರು ತಿಂಗಳು ಹಿಡಿಯುವ ಆ ಕೆಲಸವನ್ನು ಅದು ಮಾಡಿ ಮುಗಿಸಬೇಕು. ಗರಿ ಬಹುಪಾಲು ಸಸಾರಜನಕದಿಂದಲೇ ಆದದ್ದು, ಮೊಟ್ಟೆಗೆ ಬೇಕಾದ್ದೂ ಅದೇ. ಎರಡನ್ನೂ ಒಟ್ಟಿಗೆ ಮಾಡೆಂದರೆ ಕೋಳಿ ಎಲ್ಲಿಂದ ತರುತ್ತದೆ? ಆದ್ದರಿಂದ ಗರಿ ಉದುರುತ್ತಿರುವ ಹಳೆಯ ಹೇಂಟೆಗಳನ್ನು ಬೇರೆ ಗೂಡಿನಲ್ಲಿಟ್ಟು ಚೆನ್ನಾಗಿ ತಿನ್ನಿಸಿ, ಹೊಸ ಗರಿ ಬಂದ ಮೇಲೆ ದೀಪದ ಗೂಡಿಗೆ ಸೇರಿಸುವುದು ನಾನು ಕಂಡುಕೊಂಡ ಕ್ರಮ.

ಇಡುತ್ತಿರುವ ಕೋಳಿ ಯಾವುದು, ಇಡದ್ದು ಯಾವುದು ಎಂದು ನಮ್ಮ ಅಜ್ಜಿಯರು ಬೆಳಿಗ್ಗೆ ಬೆರಳಿಟ್ಟೇ ಹೇಳುತ್ತಿದ್ದರು. ಆ ವಿದ್ಯೆ ಬಾರದವರು ಹಿಂಭಾಗದ ಎರಡು ಮೂಳೆಗಳ ನಡುವಿನ ಅಂತರ ನೋಡಬಹುದು. ಎರಡು ಮೂರು ಬೆರಳು ಹಿಡಿಸಿದರೆ ಇಡುತ್ತಿದೆ, ಒಂದೇ ಬೆರಳಾದರೆ ನಿಂತಿದೆ. ಜುಟ್ಟು ಕೆಂಪಗೆ ತುಂಬಿಕೊಂಡಿದ್ದರೆ ಇಡುತ್ತಿದೆ, ಬಿಳಿಚಿ ಮುದುಡಿದ್ದರೆ ಇಲ್ಲ. ಮೂಳೆ, ಜುಟ್ಟು ಎರಡೂ ಸರಿಯಿದ್ದು ಗೂಡಿನಲ್ಲಿ ಮೊಟ್ಟೆ ಕಾಣದಿದ್ದರೆ ಕೋಳಿಯನ್ನು ಬೈಯುವ ಮೊದಲು ಸೌದೆ ರಾಶಿಯ ಹಿಂದೆ, ಕಾಫಿ ಗಿಡದ ಬುಡದ ತರಗೆಲೆಯಲ್ಲಿ ಹುಡುಕಿ. ನಮ್ಮಲ್ಲಿ ಒಮ್ಮೆ ಹಳೆಯ ಚೀಲಗಳ ಅಟ್ಟಿಯ ಮೇಲೆ ಹದಿನೇಳು ಮೊಟ್ಟೆ ಸಿಕ್ಕಿದವು. ಸಿಕ್ಕಿದ್ದು ಹೇಗೆಂದರೆ ವಾಸನೆಯಿಂದ.

ತೋಟಕ್ಕೆ ಸುಣ್ಣ, ಕೋಳಿಗೆ?

ಬೆಳಕು ಕೊಟ್ಟು ತಿನ್ನಲು ಕೊಡದಿದ್ದರೆ ಅದು ಕೂಲಿ ಕೊಡದೆ ಕೆಲಸ ಮಾಡಿಸಿದಂತೆ. ಮಳೆಗಾಲದಲ್ಲಿ ಎರೆಹುಳು, ಗೆದ್ದಲು, ಚಿಗುರು ಎಲ್ಲವೂ ಹಿತ್ತಿಲಲ್ಲೇ ಸಿಗುತ್ತವೆ. ಡಿಸೆಂಬರಿನ ಹೊತ್ತಿಗೆ ನೆಲ ಒಣಗಿ ಹುಳುಗಳು ಆಳಕ್ಕೆ ಇಳಿಯುತ್ತವೆ. ಆಗ ನಾವು ಎಸೆಯುವುದು ಬರೀ ನುಚ್ಚು, ಭತ್ತ. ಇದರಿಂದ ಕೋಳಿ ಕೊಬ್ಬುತ್ತದೆಯೇ ಹೊರತು ಮೊಟ್ಟೆಗೆ ಬೇಕಾದ ಸಸಾರಜನಕ ಸಿಗುವುದಿಲ್ಲ. ಒಣಮೀನಿನ ತಲೆ, ಚೂರುಗಳನ್ನು ಕುಟ್ಟಿ ತೌಡಿಗೆ ಬೆರೆಸಿ ಕೊಡಬಹುದು. ಕಡಲೆಕಾಯಿ ಹಿಂಡಿಯೂ ಒಳ್ಳೆಯದೇ, ಆದರೆ ಮಳೆಗಾಲದಲ್ಲಿ ಮನೆಯಲ್ಲಿ ಉಳಿದು ಬೂಷ್ಟು ಹಿಡಿದ ಹಿಂಡಿ ಕೋಳಿಗೆ ವಿಷ. ದನಕ್ಕೆ ಬೇಡವೆಂದು ಕೋಳಿಗೆ ಹಾಕುವ ಅಭ್ಯಾಸ ಬಿಡಬೇಕು. ಸಂಜೆ ಗಳ ಹತ್ತುವ ಮೊದಲು ಒಂದು ಹಿಡಿ ರಾಗಿಯನ್ನೋ ಒಡೆದ ಮುಸುಕಿನ ಜೋಳವನ್ನೋ ಹಾಕಿದರೆ ರಾತ್ರಿಯ ಚಳಿಗೆ ಅದೇ ಒಲೆ. ಗೆದ್ದಲು ಹಿಡಿಯುವ ಹಳೆಯ ಉಪಾಯವೂ ಒಂದಿದೆ: ಒಂದು ಹಳೆಯ ಮಡಕೆಗೆ ಸಗಣಿ, ಒಣ ಹುಲ್ಲು ತುಂಬಿ ನೀರು ಚಿಮುಕಿಸಿ ಗೆದ್ದಲಿರುವ ಕಡೆ ಬೋರಲು ಹಾಕಿದರೆ ಒಂದೆರಡು ದಿನದಲ್ಲಿ ಮಡಕೆ ತುಂಬ ಗೆದ್ದಲು. ಮರಿಗಳಿಗಂತೂ ಹಬ್ಬ.

ಇನ್ನು ಸುಣ್ಣ. ಈ ವಿಷಯದಲ್ಲಿ ನಮಗಿಂತ ಚೆನ್ನಾಗಿ ತಿಳಿದಿರಬೇಕಾದವರು ಬೇರೆ ಯಾರೂ ಇಲ್ಲ, ಆದರೂ ಮರೆಯುತ್ತೇವೆ. ಮಲೆನಾಡಿನ ಮಳೆ ನೆಲದ ಸುಣ್ಣವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ ಎಂದು ತೋಟಕ್ಕೆ ಲೋಡುಗಟ್ಟಲೆ ಸುಣ್ಣ ಹಾಕಿಸುತ್ತೇವೆ. ಅದೇ ಮಣ್ಣನ್ನು ಕೆದಕಿ ಬದುಕುವ ಕೋಳಿಗೆ ಸುಣ್ಣ ಎಲ್ಲಿಂದ ಬರಬೇಕು? ಮೊಟ್ಟೆಯ ಚಿಪ್ಪು ಬಹುತೇಕ ಸುಣ್ಣವೇ. ಒಂದೊಂದು ಚಿಪ್ಪಿಗೂ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಒಂದು ಮೊಟ್ಟೆ ತಯಾರಾಗಲು ಹಿಡಿಯುವ 24ರಿಂದ 26 ಗಂಟೆಯಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಬೇಕು, ಅದೂ ಹೆಚ್ಚಾಗಿ ರಾತ್ರಿ ನಡೆಯುವ ಕೆಲಸ. ತಿಂದದ್ದು ಸಾಲದಿದ್ದರೆ ಕೋಳಿ ತನ್ನ ಮೂಳೆಯಿಂದಲೇ ಕಡ ತೆಗೆದು ಕೊಡುತ್ತದೆ. ಅದೂ ಮುಗಿದರೆ ತೊಗಲು ಮೊಟ್ಟೆ ಇಡುತ್ತದೆ, ಆಮೇಲೆ ನಿಲ್ಲಿಸುತ್ತದೆ.

ಕರಾವಳಿಯಿಂದ ಬರುವ ಕಪ್ಪೆಚಿಪ್ಪಿನ ನುಚ್ಚನ್ನು ಒಂದು ತೆಂಗಿನ ಕರಟದಲ್ಲಿ ಹಾಕಿ ಗೂಡಿನಲ್ಲಿ ಕಟ್ಟಿದರೆ ಕೋಳಿ ತನಗೆ ಬೇಕಾದಷ್ಟನ್ನು ಸಂಜೆ ತಾನೇ ತಿನ್ನುತ್ತದೆ. ಮನೆಯ ಮೊಟ್ಟೆಚಿಪ್ಪನ್ನೇ ಹುರಿದು ಗುರುತು ಸಿಗದಷ್ಟು ಪುಡಿ ಮಾಡಿಯೂ ಕೊಡಬಹುದು. ಹಾಗೆಯೇ ಎಸೆದರೆ ಮೊಟ್ಟೆ ಒಡೆದು ತಿನ್ನುವ ಚಾಳಿ ಕಲಿಯುತ್ತವೆ. ಇಲ್ಲೊಂದು ಎಚ್ಚರಿಕೆ. ತೋಟಕ್ಕೆಂದು ತಂದಿಟ್ಟ ಡಾಲೊಮೈಟನ್ನು ಕೋಳಿಗೆ ಹಾಕಬೇಡಿ. ಅದರಲ್ಲಿರುವ ಮೆಗ್ನೀಸಿಯಂ ಕೋಳಿಗೆ ಒಗ್ಗುವುದಿಲ್ಲ. ಸುಟ್ಟ ಸುಣ್ಣವಂತೂ ಬಾಯಿ, ಕರುಳು ಸುಡುತ್ತದೆ. ತೋಟದ ಉಗ್ರಾಣದಲ್ಲಿರುವ ಇಲಿ ಪಾಷಾಣದ ಮಾತನ್ನು ಪ್ರತ್ಯೇಕವಾಗಿ ಹೇಳಬೇಕಿಲ್ಲವೆಂದು ಭಾವಿಸುತ್ತೇನೆ.

ನೀರನ್ನು ಮರೆಯಬೇಡಿ. ಮೊಟ್ಟೆಯೊಳಗಿನದು ಮುಕ್ಕಾಲು ಪಾಲು ನೀರೇ. ಕೊಯ್ಲಿನ ಗಡಿಬಿಡಿಯಲ್ಲಿ ಮಡಕೆ ಒಣಗಿ ಮಧ್ಯಾಹ್ನವಿಡೀ ಹಾಗೇ ಬಿದ್ದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಚಳಿಯ ಬಗ್ಗೆ ಎರಡೇ ಮಾತು. ನಮ್ಮ ಡಿಸೆಂಬರ್ ರಾತ್ರಿಯ 12-13 ಡಿಗ್ರಿ ಚಳಿ ಗರಿ ತುಂಬಿದ ಕೋಳಿಗೆ ಏನೂ ಅಲ್ಲ. ಅದಕ್ಕೆ ಆಗದ್ದು ಒದ್ದೆ ನೆಲ ಮತ್ತು ಮೈಗೆ ನೇರವಾಗಿ ಬಡಿಯುವ ಗಾಳಿ. ನೆಲಕ್ಕೆ ಒಣ ಭತ್ತದ ಹೊಟ್ಟು ದಪ್ಪವಾಗಿ ಹಾಸಿ, ಗಾಳಿ ಬರುವ ಕಡೆಗೆ ಗೋಣಿ ಕಟ್ಟಿ. ಚಳಿಯೆಂದು ಎಲ್ಲ ಕಿಂಡಿಯನ್ನೂ ಮುಚ್ಚಿದರೆ ಹಿಕ್ಕೆಯ ಘಾಟಿಗೆ ಶೀತ ಹಿಡಿಯುತ್ತದೆ.

ಕಾವಿಗೆ ಕೂತ ನಾಟಿ ಕೋಳಿ

ಇಲ್ಲಿಯವರೆಗೆ ಹೇಳಿದ್ದರ ಪೂರ್ತಿ ಪ್ರಯೋಜನ ಸಿಗುವುದು ಸುಧಾರಿತ ಜಾತಿಗಳಲ್ಲಿ. ನಾಟಿ ಕೋಳಿಯ ಸ್ವಭಾವ ಬೇರೆ. ಹನ್ನೆರಡು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂತರೆ 21 ದಿನ ಕಾವು, ಆಮೇಲೆ ಎರಡು ಮೂರು ತಿಂಗಳು ಮರಿಗಳ ಚಾಕರಿ. ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆಯಾದರೆ ಹೆಚ್ಚು. ಅದಕ್ಕೆ ದೀಪಕ್ಕಿಂತ ಮುಖ್ಯವಾದದ್ದು ಕಾವು ಬಿಡಿಸುವುದು. ಮೊಟ್ಟೆಯನ್ನು ದಿನವೂ ತೆಗೆದು, ಮಸಿಯ ಗೆರೆ ಎಳೆದ ಒಂದನ್ನು ಮಾತ್ರ ಗುರುತಿಗೆ ಬಿಡುತ್ತಿದ್ದ ಅವ್ವನ ಉಪಾಯದಿಂದ ಕಾವು ಕೆಲವು ದಿನ ಮುಂದಕ್ಕೆ ಹೋಗುತ್ತಿತ್ತು. ಕೂತೇಬಿಟ್ಟರೆ ನೀರಿಗೆ ಅದ್ದುವುದು, ಮೂಗಿಗೆ ಗರಿ ಚುಚ್ಚುವುದು ಮುಂತಾದ ಹಿಂಸೆ ಬೇಡ. ಅಡಿಕೆ ದಬ್ಬೆಯನ್ನು ಬೆರಳಗಲದ ಸಂದು ಬಿಟ್ಟು ಹೊಡೆದು ತಳ ಮಾಡಿದ ಪಂಜರವನ್ನು ನೆಲದಿಂದ ಮೇಲಕ್ಕೆ ನಿಲ್ಲಿಸಿ, ಅದರಲ್ಲಿ ಬಿಡಿ. ನೀರು, ಕಾಳು ಇರಲಿ, ಹುಲ್ಲು ಬೇಡ. ಹೊಟ್ಟೆಗೆ ಕೆಳಗಿನಿಂದ ಗಾಳಿ ತಾಗಿ ಮೂರು ನಾಲ್ಕು ದಿನದಲ್ಲಿ ಕಾವು ಬಿಡುತ್ತದೆ.

ಎಲ್ಲ ಕೋಳಿಗೂ ಕಾವು ಬಿಡಿಸಿಬಿಟ್ಟರೆ ಮುಂದಿನ ಸಂತತಿಗೆ ಏನು ಮಾಡುವುದು? ಇದಕ್ಕೆ ನಮ್ಮ ಮನೆಯವರ ಲೆಕ್ಕ ನನಗೆ ಒಪ್ಪಿಗೆಯಾಗಿದೆ: ಫೆಬ್ರವರಿ, ಮಾರ್ಚಿಗೆ ಮರಿ ಏಳುವಂತೆ ಎರಡು ಒಳ್ಳೆಯ ತಾಯಿಕೋಳಿಗಳನ್ನು ಮಾತ್ರ ಕೂರಿಸುವುದು. ಆ ಮರಿಗಳು ಜೂನಿನ ಮಳೆಗೆ ಮೂರು ತಿಂಗಳು ದಾಟಿ ಗಟ್ಟಿಯಾಗಿರುತ್ತವೆ, ಸೆಪ್ಟೆಂಬರ್ ಅಕ್ಟೋಬರಿಗೆ ಮೊದಲ ಮೊಟ್ಟೆಗೆ ಬರುತ್ತವೆ. ಎಳೆಯ ಹೇಂಟೆ ತನ್ನ ಮೊದಲ ಚಳಿಗಾಲದಲ್ಲಿ ಸಾಮಾನ್ಯವಾಗಿ ಗರಿ ಉದುರಿಸುವುದಿಲ್ಲ. ಹೆಬ್ಬಾಳದಲ್ಲಿ ಅಭಿವೃದ್ಧಿಯಾಗಿ 1980ರ ದಶಕದ ಕೊನೆಗೆ ಬಂದ ಗಿರಿರಾಜ ವರ್ಷಕ್ಕೆ 130ರಿಂದ 150, ಅದರ ನಂತರ ಬಂದ ಸ್ವರ್ಣಧಾರ ಸುಮಾರು 180 ಮೊಟ್ಟೆ ಇಡುತ್ತವೆಂದು ಹೇಳಲಾಗಿದೆ. ಇವು ಕಾವಿಗೆ ಕೂರುವುದು ಅಪರೂಪ. ಹಿತ್ತಿಲಲ್ಲಿ ನಾಲ್ಕು ನಾಟಿ, ಎಂಟು ಸ್ವರ್ಣಧಾರ ಇದ್ದರೆ ಒಂದು ಸಂಸಾರಕ್ಕೆ ಸರಿಹೋಗುತ್ತದೆ. ನಮ್ಮ ಮನೆಯಲ್ಲಿ ಕೊಯ್ಲಿನ ತಿಂಗಳುಗಳಲ್ಲಿ ದಿನಕ್ಕೆ ಒಂದೋ ಎರಡೋ ಇದ್ದ ಮೊಟ್ಟೆ, ಹೋದ ಚಳಿಗಾಲದಲ್ಲಿ ಆರೇಳಕ್ಕೆ ಏರಿತು. ಲೆಕ್ಕದ ಪುಸ್ತಕ ಮನೆಯವರ ಬಳಿ ಇದೆ, ದುಡ್ಡೂ ಅವರ ಬಳಿಯೇ.

ಹತ್ತು ಮನೆಗೆ ಒಂದು ಸೀಸೆ

ಇಷ್ಟೆಲ್ಲ ಮಾಡಿಯೂ ಒಂದೇ ವಾರದಲ್ಲಿ ಗೂಡು ಬರಿದಾಗಬಹುದು. ನಮಗೆ ಹಾಗಾಗಿದೆ. ಕೆಲವು ವರ್ಷಗಳ ಹಿಂದೆ ಫೆಬ್ರವರಿಯಲ್ಲಿ ಸಂತೆಯಿಂದ ಒಂದು ಚೆಂದದ ಹುಂಜ ತಂದು ನೇರವಾಗಿ ಹಿಂಡಿಗೆ ಬಿಟ್ಟೆ. ಆರನೆಯ ದಿನ ಕೋಳಿಗಳು ತೂಕಡಿಸತೊಡಗಿದವು. ಹಸಿರು ಬಣ್ಣದ ಹಿಕ್ಕೆ, ಬಾಯಿ ತೆರೆದು ಉಸಿರು, ಕೆಲವಕ್ಕೆ ಕತ್ತು ತಿರುಚಿಕೊಂಡಿತು. ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಹತ್ತೊಂಬತ್ತರಲ್ಲಿ ಮೂರು ಉಳಿದವು. ಲಸಿಕೆ ಹಾಕಿಸಿರಲಿಲ್ಲವೇ ಎಂದರೆ, ಹಾಕಿಸಿದ್ದೆ! ಪೇಟೆಯಿಂದ ಸೀಸೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದು, ದಾರಿಯಲ್ಲಿ ಎರಡು ಕಡೆ ಸಂಘದ ಕೆಲಸ ಮುಗಿಸಿ, ಸಂಜೆ ಚುಚ್ಚಿಸಿದ್ದೆ. ಆ ಹೊತ್ತಿಗೆ ಅದು ಲಸಿಕೆಯಾಗಿ ಉಳಿದಿರಲಿಲ್ಲ. ಬಿ.ಎಸ್ಸಿ. ಓದಿದವನು ಮಾಡಿದ ಕೆಲಸ ಇದು. ಆ ವರ್ಷ ಮಗಳ ಹಾಸ್ಟೆಲಿಗೆಂದು ಮನೆಯವರು ಕೂಡಿಡುತ್ತಿದ್ದ ಮೊಟ್ಟೆ ದುಡ್ಡಿಗೆ ಕಲ್ಲು ಬಿತ್ತು. ಅವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ರಾಣಿಖೇತ್‌ಗೆ ಬಂದ ಮೇಲೆ ಔಷಧವಿಲ್ಲ, ಬರುವ ಮೊದಲು ಲಸಿಕೆಯೊಂದೇ. ಮರಿಗೆ ಐದರಿಂದ ಏಳನೆಯ ದಿನದೊಳಗೆ ಲಸೋಟಾ ಹನಿಯನ್ನು ಕಣ್ಣಿಗೋ ಮೂಗಿಗೋ ಬಿಡುತ್ತಾರೆ. ಎಂಟು ವಾರದ ಸುಮಾರಿಗೆ ಆರ್‌2ಬಿ ಚುಚ್ಚುಮದ್ದು. ಇಡುತ್ತಿರುವ ಕೋಳಿಗೆ ಚುಚ್ಚಿದರೆ ಕೆಲವು ದಿನ ಮೊಟ್ಟೆ ಇಳಿಯುವುದುಂಟು. ಆದ್ದರಿಂದಲೇ ಚಳಿಗಾಲದ ಮೊಟ್ಟೆಯ ಮಾತನ್ನು ಈ ಶ್ರಾವಣದ ಮಳೆಯಲ್ಲಿ ಬರೆಯುತ್ತಿದ್ದೇನೆ. ಲಸಿಕೆ, ಮಳೆಗಾಲದ ಜಂತಿಗೆ ಔಷಧ, ಹೇನಿಗೆ ಬೂದಿ-ಮಣ್ಣಿನ ಗುಂಡಿ ಇವೆಲ್ಲ ಸೆಪ್ಟೆಂಬರಿನೊಳಗೆ ಮುಗಿದರೆ ಅಕ್ಟೋಬರಿನಲ್ಲಿ ದೀಪ ಹಚ್ಚಬಹುದು. ಹೊಸದಾಗಿ ಕೊಂಡ ಕೋಳಿಯನ್ನು ಕನಿಷ್ಠ ಎರಡು ಮೂರು ವಾರ ಬೇರೆಯಾಗಿಡಿ, ಎಷ್ಟು ಚೆಂದದ ಹುಂಜವಾದರೂ ಸರಿ.

ತೊಡಕಿರುವುದು ಸೀಸೆಯ ಗಾತ್ರದಲ್ಲಿ. ಲಸಿಕೆ ಸಾಮಾನ್ಯವಾಗಿ 100 ಕೋಳಿಗೆ ಆಗುವ ಸೀಸೆಯಲ್ಲಿ ಬರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿ ಇರುವ ಮನೆಯವರು ಅದಕ್ಕಾಗಿ ಪೇಟೆಗೆ ಹೋಗುವುದಿಲ್ಲ, ಹೋದರೂ ತೊಂಬತ್ತು ಪಾಲು ಚೆಲ್ಲಬೇಕು. ಹತ್ತು ಮನೆ ಸೇರಿದರೆ ಒಂದು ಹನಿಯೂ ವ್ಯರ್ಥವಿಲ್ಲ. ಒಬ್ಬರು ಹಾಕಿಸಿ ಪಕ್ಕದವರು ಬಿಟ್ಟರೆ ರೋಗ ಊರಿನಲ್ಲೇ ಉಳಿಯುತ್ತದೆ ಎಂಬುದನ್ನೂ ನೋಡಬೇಕು. ಗೊಬ್ಬರವನ್ನು ಒಟ್ಟಿಗೆ ತರಿಸುವ ಸಂಘ ಲಸಿಕೆಯನ್ನೂ ತರಿಸಬಹುದೆಂದು ಕಳೆದ ಸಭೆಯಲ್ಲಿ ನಾನು ಕೇಳಿದಾಗ ಒಂದಿಬ್ಬರು ನಕ್ಕರು. ಕೊನೆಗೆ ಒಪ್ಪಿಗೆ ಸಿಕ್ಕಿತು.

ಸೆಪ್ಟೆಂಬರ್ ಎರಡನೆಯ ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಡಿಪೋ ಅಂಗಳದಲ್ಲಿ ಪಶುವೈದ್ಯರ ಸಮ್ಮುಖದಲ್ಲಿ ಲಸಿಕೆ ಹಾಕಲಾಗುವುದು. ಐಸ್ ಪೆಟ್ಟಿಗೆಯನ್ನು ಸಂಘವೇ ಒದಗಿಸುತ್ತದೆ, ಜೇಬಿನ ವ್ಯವಸ್ಥೆ ಇರುವುದಿಲ್ಲ. ಸದಸ್ಯರಲ್ಲದ ಲೈನ್ ಮನೆಯವರ ಕೋಳಿಗಳಿಗೂ ಅವಕಾಶವಿದೆ. ಎಷ್ಟು ಕೋಳಿ ಎಂಬುದನ್ನು ಆಗಸ್ಟ್ ಕೊನೆಯೊಳಗೆ ಗುಮಾಸ್ತರಲ್ಲಿ ಬರೆಸಿ. ತೂಕಡಿಸುವ ಕೋಳಿಯನ್ನು ತರಬೇಡಿ, ಮನೆಯಲ್ಲೇ ಬಿಟ್ಟು ವೈದ್ಯರಿಗೆ ತಿಳಿಸಿ. ಒಂದು ಮನೆಯ ಬುಟ್ಟಿ ಇನ್ನೊಂದು ಮನೆಯ ಬುಟ್ಟಿಗೆ ತಾಗದಂತೆ ಸಾಲು ಮಾಡಿ ಕೂರಿಸಲಾಗುವುದು. ಕೋಳಿಗಳನ್ನು ಹಿಂದಿನ ರಾತ್ರಿಯೇ ಗಳದಿಂದ ಹಿಡಿದು ಕುಕ್ಕೆಯಲ್ಲಿಡಿ. ಬೆಳಗಾದ ಮೇಲೆ ಹಿಡಿಯಲು ಹೊರಟರೆ ಏಳು ಗಂಟೆಗೆ ಡಿಪೋ ಅಂಗಳದಲ್ಲಿ ವೈದ್ಯರು ಇರುತ್ತಾರೆ, ನೀವು ತೋಟದಲ್ಲಿ ಓಡುತ್ತಿರುತ್ತೀರಿ.